ಪಿಕಪ್‌ಗೆ ದೊಡ್ಡ ಎಂಜಿನ್ ಬೇಕೋ, ಸರಿಯಾದ ಗೇರಿಂಗ್ ಬೇಕೋ?

ಪ್ರಶ್ನೆ: ನನ್ನ ಪಿಕಪ್‌ನಲ್ಲಿ 2.5 ಲೀಟರ್‌ನ ಟರ್ಬೊ ಡೀಸೆಲ್ ಎಂಜಿನ್, ಐದು ಗೇರ್‌ಗಳ ಮ್ಯಾನ್ಯುಅಲ್ ಗೇರ್‌ಬಾಕ್ಸ್ ಮತ್ತು ಲೋ ರೇಂಜ್ (ನಿಧಾನ ವೇಗದಲ್ಲಿ ಹೆಚ್ಚು ಬಲ ಕೊಡುವ ಹೆಚ್ಚುವರಿ ತಗ್ಗಿನ ಗೇರ್) ಇರುವ ಫೋರ್ ವೀಲ್ ಡ್ರೈವ್ ಇದೆ. ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 320 ನ್ಯೂಟನ್ ಮೀಟರ್. ಮೊದಲ ಗೇರ್ 4.0, ಐದನೆಯದು 0.8, ಲೋ ರೇಂಜ್ 2.5, ಆಕ್ಸಲ್ ಅನುಪಾತ 3.9. ಸಾಮಾನು ಸೇರಿ ತೂಕ ಸುಮಾರು 2,200 ಕೆ.ಜಿ. ಕಂಪನಿಯ 31 ಇಂಚಿನ ಟೈರ್ ತೆಗೆದು 35 ಇಂಚಿನದನ್ನು ಹಾಕಿಸಿದ ಮೇಲೆ ಹೆದ್ದಾರಿಯಲ್ಲಿ ಐದನೇ ಗೇರ್ ಎಳೆಯುತ್ತಿಲ್ಲ, ಕಲ್ಲುದಾರಿಯ ಏರುಗಳಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ದೊಡ್ಡ ಎಂಜಿನ್ ಕೂರಿಸಲೇ, ಇರುವ ಎಂಜಿನ್‌ಗೆ ಚಿಪ್ ಹಾಕಿಸಲೇ, ಅಥವಾ ಗೇರ್‌ಗಳನ್ನು ಬದಲಾಯಿಸಲೇ? ಹಣ ಒಂದು ಕೆಲಸಕ್ಕೆ ಮಾತ್ರ ಇದೆ.

ಉತ್ತರ: ಹಣ ಒಂದೇ ಕೆಲಸಕ್ಕೆ ಇದೆಯೆಂದಾದರೆ ಅದನ್ನು ಆಕ್ಸಲ್ ಗೇರ್‌ಗಳಿಗೆ, ಅಂದರೆ ಚಕ್ರಗಳ ಅಚ್ಚಿನೊಳಗಿನ ಕೊನೆಯ ಗೇರ್ ಜೋಡಿಗೆ, ಹಾಕಿ. ಎಂಜಿನ್ ಬದಲಾವಣೆಯ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಎಂಜಿನ್‌ನ ದೌರ್ಬಲ್ಯವೆಂದು ಭಾವಿಸಿರುವ ಎರಡೂ ತೊಂದರೆಗಳು ಟೈರ್ ದೊಡ್ಡದಾದ ಕಾರಣದಿಂದ ಗೇರಿಂಗ್ ಹಾಳಾಗಿ ಬಂದವು. ಇದನ್ನು ನೀವೇ ಕೊಟ್ಟಿರುವ ಅಂಕಿಗಳಿಂದ ತೋರಿಸಬಹುದು. ತಾಳ್ಮೆಯಿಂದ ಲೆಕ್ಕ ಹಾಕಿ ನೋಡುವವರು ಇಂಥ ವಿಷಯದಲ್ಲಿ ಬಹಳ ದುಡ್ಡು ಉಳಿಸಿಕೊಳ್ಳುತ್ತಾರೆ.

ಮೊದಲು ಕಡಿದಾದ ಏರನ್ನೇ ತೆಗೆದುಕೊಳ್ಳೋಣ. 2,200 ಕೆ.ಜಿ. ತೂಕದ ವಾಹನ 30 ಡಿಗ್ರಿ ಇಳಿಜಾರನ್ನು ಹತ್ತಬೇಕಾದರೆ ಗುರುತ್ವವನ್ನು ಮೀರುವುದಕ್ಕೇ ಚಕ್ರಗಳು ನೆಲವನ್ನು ಸುಮಾರು 10,800 ನ್ಯೂಟನ್ ಬಲದಿಂದ ತಳ್ಳಬೇಕು. ಹೈ ರೇಂಜ್‌ನ (ರಸ್ತೆಗೆ ಬಳಸುವ ಸಾಮಾನ್ಯ ಗೇರಿಂಗ್‌ನ) ಮೊದಲ ಗೇರ್‌ನಲ್ಲಿ ಒಟ್ಟು ಅನುಪಾತ 4.0 ಗುಣಿಸು 3.9, ಅಂದರೆ 15.6. ಎಂಜಿನ್ ತನ್ನ ಪೂರ್ತಿ 320 ನ್ಯೂಟನ್ ಮೀಟರ್ ಕೊಟ್ಟರೂ, ಗೇರ್‌ಗಳಲ್ಲಿ ಶೇ. 15ರಷ್ಟು ನಷ್ಟವಾಗುತ್ತದೆಂದು ಹಿಡಿದರೆ, 35 ಇಂಚಿನ ಟೈರ್‌ನ ಅಂಚಿನಲ್ಲಿ ಸಿಗುವುದು ಸುಮಾರು 9,500 ನ್ಯೂಟನ್ ಮಾತ್ರ. ಗಾಡಿ ಹತ್ತುವುದಿಲ್ಲ, ಚಾಲಕ ಕ್ಲಚ್ಚನ್ನು ಅರ್ಧ ಹಿಡಿದು ಎಂಜಿನ್ ಕೂಗಿಸುತ್ತಾನೆ, ವಾಸನೆ ಬರುತ್ತದೆ. ಈಗ ಅದೇ ಜಾಗದಲ್ಲಿ ಲೋ ರೇಂಜ್‌ಗೆ ಬನ್ನಿ. ಒಟ್ಟು ಅನುಪಾತ 39 ಆಗುತ್ತದೆ. ಎಂಜಿನ್ ಕೇವಲ 200 ನ್ಯೂಟನ್ ಮೀಟರ್ ಕೊಟ್ಟರೂ ಚಕ್ರದಲ್ಲಿ ಸುಮಾರು 14,900 ನ್ಯೂಟನ್ ಬಲ ಸಿಗುತ್ತದೆ. ಒಣ ಗಟ್ಟಿ ನೆಲದಲ್ಲಿ ಘರ್ಷಣಾಂಕ 0.7 ಎಂದುಕೊಂಡರೆ, ಆ ಇಳಿಜಾರಿನಲ್ಲಿ ನಾಲ್ಕೂ ಟೈರ್‌ಗಳು ಸೇರಿ ಹಿಡಿದುಕೊಳ್ಳಬಲ್ಲದ್ದು ಸುಮಾರು 13,100 ನ್ಯೂಟನ್. ಅಂದರೆ ನಿಮ್ಮ ಎಂಜಿನ್ ತನ್ನ ಸಾಮರ್ಥ್ಯದ ಮೂರನೇ ಎರಡು ಭಾಗವನ್ನೂ ಬಳಸುವ ಮೊದಲೇ ಟೈರ್ ಜಾರತೊಡಗುತ್ತದೆ. ಕೆಸರಿನಲ್ಲಂತೂ ಈ ಹಿಡಿತ ಅರ್ಧಕ್ಕೂ ಇಳಿಯಬಹುದು. ಅಲ್ಲಿಗೆ ಇದರ ಎರಡರಷ್ಟು ಟಾರ್ಕಿನ ಎಂಜಿನ್ ತಂದರೂ ಹೆಚ್ಚಾಗುವುದು ಚಕ್ರ ತಿರುಗುವ ವೇಗವೇ ಹೊರತು ಗಾಡಿಯ ಮುನ್ನಡೆಯಲ್ಲ.

ಆದ್ದರಿಂದ ಕ್ಲಚ್ ವಾಸನೆಯ ಬಗ್ಗೆ ಮೊದಲ ಸಲಹೆಗೆ ಖರ್ಚೇ ಇಲ್ಲ. ಕಲ್ಲುದಾರಿ ಶುರುವಾಗುವ ಮೊದಲೇ ಲೋ ರೇಂಜ್ ಹಾಕಿಕೊಳ್ಳಿ, ಸಿಕ್ಕಿಕೊಂಡ ಮೇಲಲ್ಲ. ಎಂಜಿನ್ ನಿಮಿಷಕ್ಕೆ 750 ಸುತ್ತಿನ ಐಡಲ್‌ನಲ್ಲಿರುವಾಗ (ಆಕ್ಸಿಲರೇಟರ್ ಒತ್ತದಿರುವಾಗ) ನಿಮ್ಮ ಪಿಕಪ್ ಹೈ ರೇಂಜ್ ಮೊದಲ ಗೇರ್‌ನಲ್ಲಿ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಬಂಡೆಗಳ ಮೇಲೆ ಚಕ್ರವನ್ನು ನೋಡಿ ನೋಡಿ ಇಡಬೇಕಾದ ಕಡೆ ಬೇಕಾಗುವುದು 2ರಿಂದ 3 ಕಿ.ಮೀ. ವೇಗ. ಈ ಅಂತರವನ್ನು ತುಂಬುವುದು ಕ್ಲಚ್ ಜಾರಿಕೆಯೇ. ಜಾರಿದಷ್ಟೂ ಅದು ಕಾಯುತ್ತದೆ, ಸವೆಯುತ್ತದೆ. ಲೋ ರೇಂಜ್‌ನಲ್ಲಿ ಅದೇ ಐಡಲ್ ವೇಗ 3.2 ಕಿ.ಮೀ.ಗೆ ಇಳಿಯುತ್ತದೆ, ಪಾದವನ್ನು ಕ್ಲಚ್ಚಿನಿಂದ ಪೂರ್ತಿ ತೆಗೆದು ಚಲಾಯಿಸಬಹುದು. ಆದರೆ ಒಣಗಿದ ಟಾರು ರಸ್ತೆಯಲ್ಲಿ ಇದನ್ನು ಬಳಸಬೇಡಿ. ನಡುವೆ ಡಿಫರೆನ್ಷಿಯಲ್ (ಎರಡು ಕಡೆಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲದ ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ತಿರುವು ತೆಗೆದುಕೊಂಡಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ತಿರುಚುತ್ತವೆ, ಜಾರಲು ಅವಕಾಶವಿಲ್ಲದ ನೆಲದಲ್ಲಿ ಆ ಒತ್ತಡ ಗೇರ್‌ಗಳ ಮೇಲೆಯೇ ಬೀಳುತ್ತದೆ.

ಇನ್ನು ಹೆದ್ದಾರಿಯ ತೊಂದರೆ. 31 ಇಂಚಿನಿಂದ 35 ಇಂಚಿಗೆ ಹೋಗುವುದೆಂದರೆ ಒಟ್ಟಾರೆ ಗೇರಿಂಗ್ ಶೇ. 13ರಷ್ಟು ಉದ್ದವಾಗುವುದು. ಹಳೆಯ ಟೈರ್‌ನಲ್ಲಿ ಐದನೇ ಗೇರ್‌ನಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,100 ಸುತ್ತು ತಿರುಗುತ್ತಿತ್ತು, ಈಗ 1,860. ಟರ್ಬೊ ಚೆನ್ನಾಗಿ ಗಾಳಿ ತುಂಬುವ ವಲಯದ ಅಂಚಿಗೆ ಅದು ಇಳಿದಿದೆ, ಸಾಲದ್ದಕ್ಕೆ ಎತ್ತರದ ಗಾಡಿಗೆ ಎದುರುಗಾಳಿಯೂ ಭಾರವಾದ ಟೈರೂ ಸೇರಿವೆ. ಚಿಕ್ಕ ಏರು ಬಂದರೂ ವೇಗ ಬಿದ್ದು ನಾಲ್ಕನೇ ಗೇರ್‌ಗೆ ಇಳಿಯಬೇಕಾಗುತ್ತದೆ. ಇದರ ಜೊತೆಗೆ ಒಂದು ಸುರಕ್ಷತೆಯ ಮಾತು: ಸ್ಪೀಡೋಮೀಟರ್ ಮರುಹೊಂದಿಸದಿದ್ದರೆ ಅದು 100 ತೋರಿಸುವಾಗ ನೀವು 113ರ ಹತ್ತಿರ ಇರುತ್ತೀರಿ, ಬ್ರೇಕಿನ ಹಿಡಿತವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರುತ್ತದೆ.

ಪರಿಹಾರದ ಸೂತ್ರ ಸರಳ. ಹೊಸ ಟೈರ್‌ನ ವ್ಯಾಸವನ್ನು ಹಳೆಯದರಿಂದ ಭಾಗಿಸಿ, ಬಂದದ್ದನ್ನು ಈಗಿರುವ ಆಕ್ಸಲ್ ಅನುಪಾತದಿಂದ ಗುಣಿಸಿ. ನಿಮ್ಮ ಲೆಕ್ಕದಲ್ಲಿ ಅದು 4.40. ಆಕ್ಸಲ್‌ನೊಳಗಿನ ದೊಡ್ಡ ಮತ್ತು ಸಣ್ಣ ಗೇರ್‌ಗಳಾದ ಕ್ರೌನ್ ಮತ್ತು ಪಿನಿಯನ್ ಸೆಟ್‌ಗಳು ಬೇಕಾದ ಅಂಕಿಗೆಲ್ಲ ಸಿಗುವುದಿಲ್ಲ, 4.10, 4.30, 4.56, 4.88 ಹೀಗೆ ಮೆಟ್ಟಿಲುಗಳಲ್ಲಿ ಸಿಗುತ್ತವೆ, ಅದೂ ಆಯಾ ಆಕ್ಸಲ್‌ಗೆ ತಯಾರಿದ್ದರೆ. ನಿಮ್ಮ ಆಕ್ಸಲ್‌ಗೆ 4.56 ಸಿಗುವುದಾದರೆ ನಾನು ಅದನ್ನೇ ಆರಿಸುತ್ತೇನೆ. 100 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,180 ಸುತ್ತಿಗೆ ಬರುತ್ತದೆ, ಅಂದರೆ ಮೂಲದ್ದಕ್ಕಿಂತ ಸುಮಾರು 80 ಸುತ್ತು ಮಾತ್ರ ಜಾಸ್ತಿ. ಲೋ ರೇಂಜ್ ಮೊದಲ ಗೇರ್‌ನ ಐಡಲ್ ವೇಗ 2.8 ಕಿ.ಮೀ.ಗೆ ಇಳಿದು ಕಂಪನಿಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತದೆ. 4.30 ಹಾಕಿದರೆ ಬಹುಪಾಲು ಗುಣವಾದಂತೆ, ಪೂರ್ತಿಯಲ್ಲ. ಟೈರ್‌ನ ಜೊತೆಗೆ ಬಂಪರ್, ವಿಂಚ್, ಸಾಮಾನು ಎಂದು ತೂಕ ಏರುತ್ತಲೇ ಹೋಗುವ ಪಿಕಪ್‌ನಲ್ಲಿ ಅದು ಸಾಲುವುದಿಲ್ಲ. ಹಾಗೆಂದು 5ರ ಮೇಲಕ್ಕೂ ಹೋಗಬೇಡಿ. ಅನುಪಾತ ಏರಿದಷ್ಟೂ ಪಿನಿಯನ್‌ನ ಹಲ್ಲುಗಳ ಸಂಖ್ಯೆ ಇಳಿಯುತ್ತದೆ: 4.10ರ ಸೆಟ್‌ನಲ್ಲಿ ಸಾಮಾನ್ಯವಾಗಿ 41ಕ್ಕೆ 10 ಹಲ್ಲುಗಳಿದ್ದರೆ, 4.56ರಲ್ಲಿ 41ಕ್ಕೆ 9, 4.88ರಲ್ಲಿ 39ಕ್ಕೆ 8. ಹಲ್ಲು ಕಡಿಮೆಯಾದಂತೆ ಪಿನಿಯನ್ ಸಣ್ಣದಾಗುತ್ತದೆ, ಒಂದೇ ಕ್ಷಣದಲ್ಲಿ ಭಾರ ಹೊರುವ ಹಲ್ಲುಗಳೂ ಕಡಿಮೆಯಾಗುತ್ತವೆ. ಬಂಡೆಯ ಮೇಲೆ ಪುಟಿಯುವ ಚಕ್ರ ಥಟ್ಟನೆ ಹಿಡಿತ ಪಡೆದಾಗ ಮುರಿಯುವುದು ಇದೇ ಹಲ್ಲು.

ಎರಡೂ ಆಕ್ಸಲ್‌ಗಳಿಗೆ ಒಂದೇ ಅನುಪಾತ ಇರಲೇಬೇಕು. ಹಿಂದಿನದನ್ನು ಈಗ, ಮುಂದಿನದನ್ನು ಮುಂದಿನ ವರ್ಷ ಎಂದುಕೊಂಡರೆ ಅಲ್ಲಿಯವರೆಗೆ ಫೋರ್ ವೀಲ್ ಡ್ರೈವ್ ಬಳಸುವಂತೆಯೇ ಇಲ್ಲ. ಕೆಲಸಗಾರರ ಆಯ್ಕೆಯಲ್ಲಿ ಬಿಗಿಯಾಗಿರಿ, ಏಕೆಂದರೆ ಒಳ್ಳೆಯ ಗೇರ್ ಸೆಟ್ಟನ್ನು ಕೆಟ್ಟದಾಗಿ ಕೂರಿಸಿದರೆ ಅದು ಕೆಲವೇ ಸಾವಿರ ಕಿಲೋಮೀಟರ್‌ಗಳಲ್ಲಿ ಊಳಿಡಲು ತೊಡಗುತ್ತದೆ. ಪಿನಿಯನ್ ಎಷ್ಟು ಒಳಗೆ ಕೂತಿದೆ ಎಂಬುದನ್ನು ಶಿಮ್‌ಗಳಿಂದ (ತೆಳುವಾದ ಲೋಹದ ಬಿಲ್ಲೆಗಳಿಂದ) ಹೊಂದಿಸಬೇಕು. ಬೇರಿಂಗ್‌ಗಳ ಬಿಗಿತವನ್ನು ಅಳೆದು ನೋಡಬೇಕು. ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲ ತಯಾರಕರು ಹೇಳಿದ ಮಿತಿಯಲ್ಲಿ, ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಒಳಗೆ, ಇರಬೇಕು. ಕೊನೆಗೆ ಹಲ್ಲುಗಳಿಗೆ ಗುರುತಿನ ಬಣ್ಣ ಬಳಿದು, ಕೈಯಲ್ಲಿ ಸ್ವಲ್ಪ ತಡೆಕೊಟ್ಟು ಎರಡೂ ದಿಕ್ಕಿಗೆ ತಿರುಗಿಸಿದಾಗ ಬಣ್ಣ ಒರೆಸಿಹೋದ ಗುರುತು ಹಲ್ಲಿನ ಎತ್ತರದ ನಡುವೆ ಬಿದ್ದಿರಬೇಕು. ಅದು ತುದಿಯಂಚಿಗೋ ಬುಡಕ್ಕೋ ಸರಿದಿದ್ದರೆ ಪಿನಿಯನ್‌ನ ಆಳ ತಪ್ಪಿದೆ, ಮತ್ತೆ ಬಿಚ್ಚಲೇಬೇಕು. ಆ ಗುರುತಿನ ಫೋಟೊ ಕೇಳಿ ಇಟ್ಟುಕೊಳ್ಳಿ. ಕೊಡಲು ಹಿಂಜರಿಯುವ ಗ್ಯಾರೇಜ್‌ಗೆ ಈ ಕೆಲಸ ಕೊಡಬೇಡಿ. ಹೊಸ ಗೇರ್‌ಗಳನ್ನು ಮೊದಲ ಸಲ 20–30 ಕಿ.ಮೀ. ಮೆಲ್ಲಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಮೊದಲ 800 ಕಿ.ಮೀ. ಭಾರ ಎಳೆಯಬೇಡಿ, ಅದು ಮುಗಿದೊಡನೆ ಗೇರ್ ಆಯಿಲ್ ಬದಲಾಯಿಸಿ.

ಟೈರ್‌ಗಳು ಇನ್ನೂ ಹೊಸದಾಗಿದ್ದು ಒಳ್ಳೆಯ ಬೆಲೆಗೆ ಮಾರಬಹುದಾದರೆ, 33 ಇಂಚಿನದಕ್ಕೆ ಇಳಿಯುವುದನ್ನೂ ಗಂಭೀರವಾಗಿ ಯೋಚಿಸಿ. ಆಗ ವ್ಯತ್ಯಾಸ ಶೇ. 6ರ ಆಸುಪಾಸು, ಹೆದ್ದಾರಿಯಲ್ಲಿ 1,975 ಸುತ್ತು, ಗೇರ್ ಬದಲಾಯಿಸದೆಯೂ ನಡೆಯುತ್ತದೆ. 35 ಇಂಚಿನ ಟೈರ್‌ನಿಂದ ಆಕ್ಸಲ್ ನೆಲದಿಂದ ಏಳುವುದು 33 ಇಂಚಿನದಕ್ಕಿಂತ ಬರೀ ಒಂದು ಇಂಚು ಹೆಚ್ಚು. ಆ ಒಂದು ಇಂಚಿಗಾಗಿ ಗೇರ್, ಬ್ರೇಕ್, ಸ್ಟಿಯರಿಂಗ್ ಕೀಲು, ವೀಲ್ ಬೇರಿಂಗ್ ಎಲ್ಲದರ ಮೇಲೂ ಭಾರ ಏರುತ್ತದೆ. ರಸ್ತೆಯನ್ನೂ ಕಾಡುದಾರಿಯನ್ನೂ ಒಂದೇ ವಾಹನದಲ್ಲಿ ಮಾಡುವವರಿಗೆ 33 ಇಂಚು ಹೆಚ್ಚು ವಿವೇಕದ ಅಳತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗೇರ್‌ಬಾಕ್ಸ್‌ನ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಲೋ ರೇಂಜ್ ಅನುಪಾತವನ್ನೇ ಬದಲಾಯಿಸುವುದು ಇನ್ನೊಂದು ದಾರಿ. ಕಂಪನಿಯಿಂದ ಬರುವ ಅನುಪಾತಗಳು ಬಹಳ ಬೇರೆಬೇರೆ ಇರುತ್ತವೆ: ಗಟ್ಟಿತನಕ್ಕೆ ಹೆಸರಾದ ಹಳೆಯ ಎನ್‌ಪಿ 205ರಲ್ಲಿ 1.96, ಜೀಪ್‌ಗಳಲ್ಲಿ ಬಂದ ಎನ್‌ಪಿ 231ರಲ್ಲಿ 2.72, ರ‍್ಯಾಂಗ್ಲರ್ ರುಬಿಕಾನ್‌ನಲ್ಲಿ 4.0. ಹಳೆಯ ಟೊಯೊಟಾ ಪಿಕಪ್‌ಗಳ 2.28ನ್ನು 4.7ಕ್ಕೆ ಏರಿಸುವ ಗೇರ್ ಸೆಟ್‌ಗಳೂ ಬಹುಕಾಲದಿಂದ ಇವೆ. ಈ ದಾರಿಯ ಸೊಗಸೆಂದರೆ ಹೆದ್ದಾರಿಯ ಗೇರಿಂಗ್ ಸ್ವಲ್ಪವೂ ಕದಲುವುದಿಲ್ಲ, ಬಂಡೆಯ ಮೇಲಿನ ಹಿಡಿತ ಮಾತ್ರ ಸೂಕ್ಷ್ಮವಾಗುತ್ತದೆ. ನಿಮ್ಮ ಗಾಡಿಯಲ್ಲಿ 4.0 ಇದ್ದರೆ ಐಡಲ್ ವೇಗ 2 ಕಿ.ಮೀ.ಗೆ ಬರುತ್ತಿತ್ತು. ಕುಂದೆಂದರೆ, ಟ್ರಾನ್ಸ್‌ಫರ್ ಕೇಸ್‌ನಿಂದ ಹೊರಡುವ ಗರಿಷ್ಠ ಟಾರ್ಕ್ 3,200ರಿಂದ 5,120 ನ್ಯೂಟನ್ ಮೀಟರ್‌ಗೆ ಏರುತ್ತದೆ, ಅದನ್ನು ಪ್ರೊಪೆಲ್ಲರ್ ಶಾಫ್ಟ್ ಮತ್ತು ಆಕ್ಸಲ್‌ಗಳು ತಾಳಬೇಕು. ಹೆದ್ದಾರಿಯ ತೊಂದರೆಯೂ ಇರುವ ನಿಮಗೆ ಇದು ಮೊದಲ ಆಯ್ಕೆಯಲ್ಲ.

ಗೇರ್‌ಗಾಗಿ ಡಿಫರೆನ್ಷಿಯಲ್ ಬಿಚ್ಚಿದಾಗಲೇ ಹಿಂದಿನ ಆಕ್ಸಲ್‌ಗೆ ಲಾಕರ್ ಕೂರಿಸಲು ಸಾಧ್ಯವೇ ನೋಡಿ. ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮ ಟಾರ್ಕ್ ಕೊಡುತ್ತದೆ, ಮತ್ತು ತೊಡಕಿರುವುದೇ ಅಲ್ಲಿ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸಲು ಬೇಕಾಗುವ ಟಾರ್ಕ್ ಬಹುತೇಕ ಸೊನ್ನೆ, ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಲಾಕರ್ ಎರಡೂ ಚಕ್ರಗಳನ್ನು ಒಂದೇ ಶಾಫ್ಟಿನಂತೆ ಬಿಗಿಯುವುದರಿಂದ, ಹಿಡಿತವಿರುವ ಚಕ್ರ ತಾನು ಹೊರಬಲ್ಲಷ್ಟು ಬಲವನ್ನು ಪಡೆಯುತ್ತದೆ. ಮೇಲೆ ಹೇಳಿದ 13,100 ನ್ಯೂಟನ್‌ನ ಲೆಕ್ಕ ನಾಲ್ಕೂ ಚಕ್ರಗಳು ನೆಲದ ಮೇಲೆ ಸಮನಾಗಿ ಕೂತಾಗಿನದು. ಉಬ್ಬುತಗ್ಗಿನ ನೆಲದಲ್ಲಿ ಹಾಗೆ ಕೂರುವುದು ಅಪರೂಪ. ಆದ್ದರಿಂದ ಅಶ್ವಶಕ್ತಿಗೆ ಹಾಕುವ ಹಣಕ್ಕಿಂತ ಹಿಂದಿನ ಲಾಕರ್‌ಗೆ ಹಾಕಿದ ಹಣ ಏರಿನಲ್ಲಿ ಹೆಚ್ಚು ದೂರ ಕೊಂಡೊಯ್ಯುತ್ತದೆ. ಬೇಕಾದಾಗ ಮಾತ್ರ ಬಿಗಿಯುವ, ಗಾಳಿಯ ಒತ್ತಡದ ಅಥವಾ ವಿದ್ಯುತ್ತಿನ ಲಾಕರ್ ರಸ್ತೆಗೂ ಹೊಂದುತ್ತದೆ. ಮುಂದಿನ ಲಾಕರ್ ಈಗ ಬೇಡ. ಸ್ವತಂತ್ರ ಸಸ್ಪೆನ್ಷನ್ ಇರುವ ಪಿಕಪ್‌ನಲ್ಲಿ, 35 ಇಂಚಿನ ಟೈರ್‌ನೊಂದಿಗೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದಿನ ಲಾಕರ್ ಬಿಗಿದು ಆಕ್ಸಿಲರೇಟರ್ ಒತ್ತಿದರೆ ಚಕ್ರಕ್ಕೆ ಬಲ ಒಯ್ಯುವ ಸಿವಿ ಜಾಯಿಂಟ್ ಒಡೆಯುವ ಸಾಧ್ಯತೆ ದೊಡ್ಡದು.

ಲಾಕರ್‌ಗೂ ಮುಂಚೆ ಮಾಡಬೇಕಾದ, ಒಂದು ಅಳತೆಮಾಪಕ ಮತ್ತು ಸಣ್ಣ ಕಂಪ್ರೆಸರ್ ಇದ್ದರೆ ಸಾಕಾಗುವ ಕೆಲಸವೊಂದಿದೆ: ಟೈರ್‌ನ ಗಾಳಿ ಇಳಿಸುವುದು. ರಸ್ತೆಯ 35 ಪಿಎಸ್‌ಐಯನ್ನು ಕಲ್ಲುದಾರಿಯಲ್ಲಿ 20ರ ಆಸುಪಾಸಿಗೆ, ಮರಳಿನಲ್ಲಿ 15ರವರೆಗೆ ಇಳಿಸಿದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ಕಲ್ಲಿನ ಆಕಾರಕ್ಕೆ ಬಗ್ಗುತ್ತದೆ. ವೇಗ ಇಳಿಸಿ ಓಡಿಸಿ, ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಈಗ ಎಂಜಿನ್. ಆಫ್‌ರೋಡ್ ಪಿಕಪ್‌ನ ಎಂಜಿನ್ ಆರಿಸುವಾಗ ಗರಿಷ್ಠ ಅಂಕಿಯನ್ನು ನೋಡುವುದಕ್ಕಿಂತ ಟಾರ್ಕ್ ಎಷ್ಟು ಕೆಳಗಿನ ಸುತ್ತಿನಿಂದ ಶುರುವಾಗಿ ಎಷ್ಟು ಅಗಲಕ್ಕೆ ಸಮತಟ್ಟಾಗಿ ಹರಡಿದೆ ಎಂಬುದನ್ನು ನೋಡಬೇಕು. ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನೊಂದಿಗೆ ಅದು 1,600ರಿಂದ 2,800 ಸುತ್ತಿನವರೆಗೆ 500 ನ್ಯೂಟನ್ ಮೀಟರ್ ಕೊಡುತ್ತದೆ. ಮ್ಯಾನ್ಯುಅಲ್‌ನೊಂದಿಗೆ ಅದೇ ಎಂಜಿನ್ 1,400ರಿಂದ 3,400ರವರೆಗೆ 420. ತಯಾರಕರೇ ಗೇರ್‌ಬಾಕ್ಸ್ ನೋಡಿ ಎಂಜಿನ್ನಿನ ಟಾರ್ಕ್ ಹೊಂದಿಸುತ್ತಾರೆ ಎಂಬುದನ್ನು ಚಿಪ್ ಹಾಕಿಸುವವರು ಗಮನಿಸಬೇಕು. ಚಿಪ್ ಇಂಧನವನ್ನೂ ಟರ್ಬೊ ಒತ್ತಡವನ್ನೂ ಏರಿಸುತ್ತದೆ. ಹೆಚ್ಚಿದ ಟಾರ್ಕನ್ನು ನಿಮ್ಮ ಈಗಾಗಲೇ ನೊಂದಿರುವ ಕ್ಲಚ್ ಹೊರಬೇಕಾಗುತ್ತದೆ. ಉದ್ದನೆಯ ಏರಿನಲ್ಲಿ ಟರ್ಬೊಗೆ ಮುಂಚಿನ ಹೊಗೆಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ನಿಂತರೆ ಅಲ್ಯೂಮಿನಿಯಂ ಪಿಸ್ಟನ್‌ಗೆ ಅಪಾಯ. ಆ ಉಷ್ಣತೆಯನ್ನು ತೋರಿಸುವ ಮೀಟರ್ ಇಲ್ಲದೆ ಚಿಪ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆಗೆ ಬಳಕೆಯೇ ಉತ್ತರ. ಐಡಲ್‌ಗೆ ಸ್ವಲ್ಪ ಮೇಲೆ ನಿಂತು ಎಳೆಯುವುದರಲ್ಲಿ, ಒಂದು ಟ್ಯಾಂಕ್‌ನಲ್ಲಿ ದೂರ ಹೋಗುವುದರಲ್ಲಿ ಡೀಸೆಲ್ ಮುಂದು; ಆದರೆ ಈಗಿನ ಕಾಮನ್ ರೈಲ್ ಇಂಜೆಕ್ಟರ್‌ಗಳಿಗೆ ನೀರು ಅಥವಾ ಕಸ ಬೆರೆತ ಇಂಧನ ವಿಷವಿದ್ದಂತೆ, ಹೊಗೆಯ ಫಿಲ್ಟರ್ ಇರುವ ಗಾಡಿಯನ್ನು ಸದಾ ನಿಧಾನವಾಗಿಯೇ ಓಡಿಸಿದರೆ ಅದು ಮಸಿಯಿಂದ ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ ಹಗುರ, ಮುಂದಿನ ಆಕ್ಸಲ್‌ಗೆ ಸುಖ. ಟರ್ಬೊ ಇಲ್ಲದಿದ್ದರೆ ಮಾತ್ರ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಟೊಯೊಟಾ ಪಿಕಪ್‌ಗಳ 2.4 ಲೀಟರ್ 22ಆರ್‌ಇ ಎಂಜಿನ್ ಕಾಗದದ ಮೇಲೆ ಬಡವಾಗಿದ್ದರೂ, ತಗ್ಗಿನ ಗೇರ್‌ಗಳ ಜೊತೆ ಕೂಡಿಸಿದವರು ಅದರಲ್ಲೇ ದಶಕಗಟ್ಟಲೆ ಬಂಡೆ ಹತ್ತಿದ್ದಾರೆ.

ಎಂಜಿನ್ ಬದಲಾವಣೆಗೆ ಅರ್ಥ ಬರುವುದು ಎರಡೇ ಸಂದರ್ಭಗಳಲ್ಲಿ: ಇರುವ ಎಂಜಿನ್ ದುರಸ್ತಿಗೆ ಮೀರಿ ಸವೆದಿದ್ದಾಗ, ಅಥವಾ ಹೆದ್ದಾರಿಯಲ್ಲಿ ಭಾರವಾದ ಟ್ರೇಲರನ್ನು ನಿತ್ಯ ಎಳೆಯಬೇಕಾದಾಗ. ಅದಕ್ಕೂ ಮುಂಚೆ ನಿಮ್ಮ ಎಂಜಿನ್ ತನ್ನ 320 ನ್ಯೂಟನ್ ಮೀಟರನ್ನು ನಿಜವಾಗಿ ಕೊಡುತ್ತಿದೆಯೇ ಪರೀಕ್ಷಿಸಿ. ಬಿರುಕುಬಿಟ್ಟ ಇಂಟರ್‌ಕೂಲರ್ ಹೋಸ್, ಧೂಳು ತುಂಬಿದ ಏರ್ ಫಿಲ್ಟರ್, ಅಂಟಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ), ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಇವುಗಳಲ್ಲಿ ಯಾವುದೊಂದಿದ್ದರೂ ಐದನೇ ಗೇರ್ ಎಳೆಯುವುದಿಲ್ಲ. ಹೊಸ ಟೈರ್ ಬಂದ ಸಮಯದಲ್ಲೇ ಇಂಥದ್ದೊಂದು ಸೇರಿಕೊಂಡಿದ್ದರೆ ತಪ್ಪೆಲ್ಲ ಟೈರ್‌ನ ಮೇಲೆ ಬೀಳುತ್ತದೆ. ಹೋಸ್‌ನ ಜೋಡಣೆಗಳ ಸುತ್ತ ಎಣ್ಣೆಯ ಪಸೆ ಹೊಸದಾಗಿ ಹರಡಿದ್ದರೆ ಅಲ್ಲಿ ಗಾಳಿ ಸೋರುತ್ತಿದೆಯೆಂದು ಅನುಮಾನಿಸಿ.

ಬದಲಾಯಿಸಿಯೇ ತೀರಬೇಕೆಂದರೆ ತೂಕವನ್ನು ಮೊದಲು ಕೇಳಿ. ಪಿಕಪ್‌ಗಳಿಗೆ ಜನಪ್ರಿಯವಾಗಿ ಕೂರಿಸುವ 3.9 ಲೀಟರ್‌ನ ಕಮಿನ್ಸ್ 4ಬಿಟಿ ಎಂಜಿನ್ ಗಟ್ಟಿ, ಸರಳ. ಆದರೆ ಅದೊಂದೇ 300 ಕೆ.ಜಿ. ಮೀರುತ್ತದೆ, ನಡುಗುವುದೂ ಜಾಸ್ತಿ. ಅದಕ್ಕೆ ತಕ್ಕ ಮುಂದಿನ ಸ್ಪ್ರಿಂಗ್, ಮೌಂಟ್, ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲವೂ ಬೇಕಾಗುತ್ತವೆ, ಆಮೇಲೆ ಆಕ್ಸಲ್‌ನ ಸರದಿ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಎಂಜಿನ್ ಕೊಳ್ಳುವುದಾದರೆ ಗೇರ್‌ಬಾಕ್ಸ್, ವೈರಿಂಗ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಆಕ್ಸಿಲರೇಟರ್ ಪೆಡಲ್, ಸೆನ್ಸರ್‌ಗಳು ಎಲ್ಲವೂ ಒಂದೇ ವಾಹನದಿಂದ ಬರಲಿ, ಸಾಧ್ಯವಾದರೆ ಅದೇ ವಾಹನದಲ್ಲಿ ಚಾಲೂ ಮಾಡಿ ನೋಡಿದ ನಂತರವೇ ಬಿಚ್ಚಿಸಿ. ಹೊಗೆ ನಿಯಮ ಮತ್ತು ನೋಂದಣಿಯ ದಾಖಲೆಗೆ ಹೊಸ ಎಂಜಿನ್ ಒಪ್ಪಿತವೇ ಎಂಬುದನ್ನು ಸಂಬಂಧಪಟ್ಟ ಸಾರಿಗೆ ಕಚೇರಿಯಿಂದಲೂ ವಿಮೆಯವರಿಂದಲೂ ಬರಹದಲ್ಲಿ ಪಡೆದುಕೊಂಡ ಮೇಲಷ್ಟೇ ಹಳೆಯ ಎಂಜಿನ್‌ನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿ.